ಸೇನೆಯ ಕೈಯಲ್ಲಿ ಎಐ: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದಲ್ಲಿ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಬಳಸುವುದು ಸರಿಯೇ ತಪ್ಪೇ ಎಂಬ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಂದೆಡೆ ಹಾಕಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ಕೆಲವಕ್ಕೆ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು.

ಸೇನೆಯಲ್ಲಿ ಎಐ ಅಂದರೆ ಕೊಲ್ಲುವ ರೋಬಾಟ್ ತಾನೇ?

ಅಲ್ಲ. ಬಹುಪಾಲು ಕೆಲಸ ನೀರಸವಾದದ್ದು. ಹೆಲಿಕಾಪ್ಟರಿನ ಯಾವ ಭಾಗ ಸದ್ಯದಲ್ಲೇ ಕೆಡಬಹುದು ಎಂದು ಮೊದಲೇ ಹೇಳುವುದು. ಲಾರಿಗಳು ಯಾವ ದಾರಿಯಲ್ಲಿ ಹೋದರೆ ಇಂಧನ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು. ಕದ್ದು ಕೇಳಿದ ರೇಡಿಯೋ ಮಾತನ್ನು ಅನುವಾದಿಸುವುದು. ಉಪಗ್ರಹದ ಸಾವಿರಾರು ಚಿತ್ರ ಜಾಲಾಡಿ, ನಿನ್ನೆ ಇಲ್ಲದ ಟ್ಯಾಂಕ್ ಇವತ್ತು ಎಲ್ಲಿ ಬಂದು ನಿಂತಿದೆ ಎಂದು ತೋರಿಸುವುದು. ನೆಲಬಾಂಬ್ ಹುಡುಕುವ ಯಂತ್ರವೂ ಇದೇ ಪಟ್ಟಿಯಲ್ಲಿದೆ. ಅದು ಯಾರದೋ ಕಾಲು ಉಳಿಸುತ್ತದೆ, ಅದಕ್ಕೆ ಯಾರ ತಕರಾರೂ ಇಲ್ಲ.

ಯಂತ್ರ ಗುರಿಯ ಹತ್ತಿರ ಬಂದಂತೆಲ್ಲ ತಕರಾರು ಶುರುವಾಗುತ್ತದೆ. "ಇಲ್ಲಿ ಒಂದು ವಾಹನ ಇದೆ" ಅನ್ನುವುದು ಒಂದು ಮಾತು. "ಇದು ಶತ್ರುವಿನ ವಾಹನ" ಅನ್ನುವುದು ಇನ್ನೊಂದು. "ಇದನ್ನು ಹೊಡೆಯಬಹುದು" ಅನ್ನುವುದು ಮೂರನೆಯದು. ಪರದೆಯ ಮೇಲೆ ಮೂರೂ ಒಂದೇ ಕೆಂಪು ಚೌಕದ ಹಾಗೆ ಕಾಣಬಹುದು. ಆದರೆ ಮೊದಲನೆಯದು ನೋಟ, ಎರಡನೆಯದು ಊಹೆ, ಮೂರನೆಯದು ತೀರ್ಪು.

ತಾನೇ ಹೊಡೆಯುವ ಆಯುಧ ಇನ್ನೂ ಬಂದಿಲ್ಲ, ಅಲ್ವಾ?

ಬಂದು ಬಹಳ ಕಾಲವಾಯಿತು. ನೆಲಬಾಂಬನ್ನೇ ನೋಡಿ. ಕಾಲಿಟ್ಟವನು ಸೈನಿಕನೋ ದನ ಕಾಯುವ ಹುಡುಗನೋ ಎಂದು ಅದು ಕೇಳುವುದಿಲ್ಲ. ಯುದ್ಧ ಮುಗಿದದ್ದೂ ಅದಕ್ಕೆ ಗೊತ್ತಾಗುವುದಿಲ್ಲ. 1997ರ ಒಟ್ಟಾವಾ ಒಪ್ಪಂದ ಜನರ ಮೇಲೆ ಬಳಸುವ ನೆಲಬಾಂಬನ್ನು ನಿಷೇಧಿಸಿದ್ದು ಈ ಕುರುಡುತನಕ್ಕಾಗಿಯೇ.

ಅಮೆರಿಕದ ಯುದ್ಧನೌಕೆಗಳಲ್ಲಿ 1980ರಿಂದ ಫ್ಯಾಲಂಕ್ಸ್ ಎಂಬ ಬಂದೂಕು ಇದೆ. ನೌಕೆಯತ್ತ ನುಗ್ಗಿ ಬರುವ ಕ್ಷಿಪಣಿಯನ್ನು ರೇಡಾರಿನಲ್ಲಿ ಕಂಡು ತಾನೇ ಹೊಡೆಯಬಲ್ಲದು. ಮನುಷ್ಯ ಯೋಚಿಸಿ ಗುಂಡಿ ಒತ್ತುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ. ಇಸ್ರೇಲಿನ ಹಾರ್ಪಿ ಎಂಬ ಡ್ರೋನ್ ಆಕಾಶದಲ್ಲಿ ಸುತ್ತುತ್ತಾ ಇದ್ದು, ಶತ್ರುವಿನ ರೇಡಾರ್ ಚಾಲೂ ಆದ ಕೂಡಲೇ ಅದರ ಮೇಲೆ ಹೋಗಿ ಬೀಳುತ್ತದೆ.

ಹಾಗಾದರೆ ಈಗ ಹೊಸತೇನು? ಹಳೆಯವು ಹುಡುಕುತ್ತಿದ್ದದ್ದು ಒಂದು ವೇಗ, ಒಂದು ಅಲೆ, ಒಂದು ತೂಕ. ನಿಯಮವನ್ನು ಮನುಷ್ಯನೇ ಬರೆದಿಡುತ್ತಿದ್ದ. ಹೊಸವು ಮುಖ, ನಡಿಗೆ, ಫೋನ್ ಬಳಸುವ ರೀತಿ, ಯಾರ ಜೊತೆ ಯಾರು ಓಡಾಡುತ್ತಾರೆ ಎಂಬುದನ್ನೆಲ್ಲ ನೋಡುತ್ತವೆ. ನಿಯಮವನ್ನು ಅವೇ ಮಾಹಿತಿಯಿಂದ ಕಲಿತುಕೊಳ್ಳುತ್ತವೆ. ಏನು ಕಲಿತವು ಎಂದು ಅವನ್ನು ಮಾಡಿದವರಿಗೂ ಪೂರ್ತಿ ಬಿಡಿಸಿ ಹೇಳಲು ಆಗುವುದಿಲ್ಲ. ಕ್ಷಿಪಣಿಯನ್ನು ಗುರುತಿಸುವುದಕ್ಕೂ ಮನುಷ್ಯನನ್ನು ಗುರುತಿಸುವುದಕ್ಕೂ ಅಜಗಜಾಂತರ. ಕ್ಷಿಪಣಿ ಶರಣಾಗುವುದಿಲ್ಲ.

ಕೊನೆಯ ನಿರ್ಧಾರ ಮನುಷ್ಯನದೇ ಅನ್ನುತ್ತಾರಲ್ಲ. ಅಷ್ಟು ಸಾಲದೇ?

ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದದ ಉತ್ತರ.

ತಜ್ಞರು ಸಾಮಾನ್ಯವಾಗಿ ಮೂರು ಬಗೆ ಮಾಡುತ್ತಾರೆ. ಒಂದು, ಮನುಷ್ಯ ಒಪ್ಪಿದರೆ ಮಾತ್ರ ಯಂತ್ರ ಹೊಡೆಯುತ್ತದೆ. ಎರಡು, ಯಂತ್ರ ತಾನೇ ಹೊಡೆಯಲು ಹೊರಡುತ್ತದೆ, ಮನುಷ್ಯ ನೋಡುತ್ತಾ ಕೂತಿದ್ದು ಬೇಕಾದರೆ ತಡೆಯಬಹುದು. ಮೂರು, ಕಳಿಸಿದ ಮೇಲೆ ಮನುಷ್ಯನ ಕೈಯಲ್ಲಿ ಏನೂ ಇಲ್ಲ. ಕಾಗದದ ಮೇಲೆ ಮೊದಲನೆಯದು ಸುರಕ್ಷಿತ, ಮೂರನೆಯದು ಅಪಾಯ. ನಿಜದಲ್ಲಿ ಮೊದಲನೆಯದೂ ಸದ್ದಿಲ್ಲದೆ ಮೂರನೆಯದೇ ಆಗಿಬಿಡಬಹುದು.

2003ರ ಇರಾಕ್ ಯುದ್ಧದ ಉದಾಹರಣೆ ತಗೊಳ್ಳಿ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಮಾರ್ಚ್ 23ರಂದು ತನ್ನದೇ ಮಿತ್ರ ಬ್ರಿಟನ್ನಿನ ಟಾರ್ನೆಡೋ ವಿಮಾನವನ್ನು ಶತ್ರುವಿನ ಕ್ಷಿಪಣಿ ಎಂದು ಗುರುತಿಸಿತು. ಸಿಬ್ಬಂದಿಗೆ ಇದ್ದದ್ದು ಕೆಲವೇ ಕ್ಷಣ. ಯಂತ್ರ ಹೇಳಿದ್ದನ್ನು ನಂಬಿದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಏಪ್ರಿಲ್ 2ರಂದು ಅಮೆರಿಕದ್ದೇ ನೌಕಾಪಡೆಯ ವಿಮಾನವನ್ನು ಪೇಟ್ರಿಯಟ್ ಹೊಡೆಯಿತು, ಪೈಲಟ್ ಸತ್ತ. ಮನುಷ್ಯರು ಅಲ್ಲೇ ಕೂತಿದ್ದರು. ಕೂತಿದ್ದೂ ಪ್ರಯೋಜನವಾಗಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆ 1983ರದು. ಸೆಪ್ಟೆಂಬರ್ 26ರ ನಡುರಾತ್ರಿ ಸೋವಿಯತ್ ಒಕ್ಕೂಟದ ಎಚ್ಚರಿಕೆ ವ್ಯವಸ್ಥೆ ಅಮೆರಿಕದಿಂದ ಅಣ್ವಸ್ತ್ರ ಕ್ಷಿಪಣಿ ಹೊರಟಿದೆ ಎಂದು ಕೂಗಿಕೊಂಡಿತು. ಮೊದಲು ಒಂದು, ಆಮೇಲೆ ಮತ್ತೆ ನಾಲ್ಕು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಸುಮ್ನೆ ತಲೆಯಾಡಿಸಲಿಲ್ಲ. ಯುದ್ಧ ಶುರು ಮಾಡುವವರು ಬರೀ ಐದು ಕ್ಷಿಪಣಿ ಕಳಿಸುತ್ತಾರೆಯೇ ಎಂದು ಯೋಚಿಸಿದರು. ಇದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿದರು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಪೆಟ್ರೋವ್ ಬಳಿ ಮೂರು ಸಂಗತಿ ಇದ್ದವು. ಯೋಚಿಸಲು ಕೆಲವು ನಿಮಿಷ. ಯಂತ್ರ ಹೇಳದ ಹೊರಗಿನ ತಿಳಿವಳಿಕೆ. ಮತ್ತೆ, "ಇಲ್ಲ" ಅನ್ನುವ ಧೈರ್ಯ. ಪೇಟ್ರಿಯಟ್ ಸಿಬ್ಬಂದಿಗೆ ಮೊದಲನೆಯದೇ ಇರಲಿಲ್ಲ.

ಈಚಿನ ಉದಾಹರಣೆಯೂ ಇದೆ. ಗಾಜಾ ಯುದ್ಧದಲ್ಲಿ ಇಸ್ರೇಲ್ ಸೇನೆ ಲ್ಯಾವೆಂಡರ್ ಎಂಬ ಎಐ ವ್ಯವಸ್ಥೆ ಬಳಸಿ ಸುಮಾರು 37,000 ಜನರನ್ನು ಶಂಕಿತರೆಂದು ಗುರುತಿಸಿತ್ತು ಎಂದು ಏಪ್ರಿಲ್ 2024ರಲ್ಲಿ ಇಸ್ರೇಲಿನದೇ ಪತ್ರಕರ್ತರು ವರದಿ ಮಾಡಿದರು. ಒಂದೊಂದು ಹೆಸರಿಗೆ ಒಪ್ಪಿಗೆ ಕೊಡುವ ಮೊದಲು ಸುಮಾರು 20 ಸೆಕೆಂಡು ನೋಡುತ್ತಿದ್ದೆವು ಎಂದು ಹೆಸರು ಹೇಳಲಿಚ್ಛಿಸದ ಗುಪ್ತಚರ ಅಧಿಕಾರಿಯೊಬ್ಬರು ಹೇಳಿದ್ದು ಅದರಲ್ಲಿತ್ತು. ಸೇನೆ ಇದನ್ನು ಒಪ್ಪಲಿಲ್ಲ. ಅದು ಬೇರೆ ಬೇರೆ ಮಾಹಿತಿಯನ್ನು ತಾಳೆ ನೋಡುವ ದತ್ತಾಂಶ ಸಂಗ್ರಹ ಅಷ್ಟೇ, ಪ್ರತಿ ಗುರಿಯನ್ನೂ ವಿಶ್ಲೇಷಕರು ಬೇರೆಯಾಗಿ ಪರಿಶೀಲಿಸುತ್ತಾರೆ ಎಂದಿತು. ಯಾರ ಮಾತು ನಂಬಬೇಕು ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇಪ್ಪತ್ತು ಸೆಕೆಂಡಿನಲ್ಲಿ ಒಂದು ಸಹಿ ಹಾಕಬಹುದು, ತೀರ್ಪು ಕೊಡಲು ಆಗುತ್ತದೆಯೇ?

ಆದ್ದರಿಂದ "ಮನುಷ್ಯ ಇದ್ದಾನೆ" ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಇಷ್ಟೇ: ಅವನು ದಿನಕ್ಕೆ ಎಷ್ಟು ಸಲ "ಬೇಡ" ಅನ್ನುತ್ತಾನೆ? ಒಮ್ಮೆಯೂ ಅನ್ನದಿದ್ದರೆ ಅಲ್ಲಿರುವುದು ರಬ್ಬರ್ ಸ್ಟಾಂಪು.

ಯಂತ್ರಕ್ಕೆ ಭಯ ಇಲ್ಲ, ಸಿಟ್ಟಿಲ್ಲ, ಸುಸ್ತಿಲ್ಲ. ಮನುಷ್ಯನಿಗಿಂತ ಅದೇ ವಾಸಿ ಅಲ್ವಾ?

ಇದು ಗಟ್ಟಿ ವಾದ. ತಳ್ಳಿಹಾಕುವ ಹಾಗಿಲ್ಲ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿತು. 290 ಜನ ಸತ್ತರು. ವಿಮಾನ ಮೇಲೇರುತ್ತಿದೆ ಎಂದು ನೌಕೆಯ ಕಂಪ್ಯೂಟರ್ ಸರಿಯಾಗಿಯೇ ದಾಖಲಿಸಿತ್ತು. ಗಾಬರಿಯಲ್ಲಿದ್ದ ಸಿಬ್ಬಂದಿ ಅದು ತಮ್ಮತ್ತ ಇಳಿಯುತ್ತಿದೆ ಎಂದುಕೊಂಡರು. ಇಲ್ಲಿ ಯಂತ್ರ ಸರಿ, ಮನುಷ್ಯ ತಪ್ಪು.

2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿಗೆ ಹೊಡೆಯಿತು. ಗಂಟೆಗಟ್ಟಲೆ ಆ ಕಾರನ್ನು ಹಿಂಬಾಲಿಸಿ ನೋಡಿದವರು ಮನುಷ್ಯರೇ. ಸ್ಫೋಟಕ ಎಂದುಕೊಂಡದ್ದು ನೀರಿನ ಕ್ಯಾನು. ಸತ್ತವರು ಹತ್ತು ನಾಗರಿಕರು, ಅವರಲ್ಲಿ ಏಳು ಮಕ್ಕಳು. ಮೂರು ವಾರ ಕಳೆಯುವ ಮೊದಲೇ ಅಮೆರಿಕ ತಪ್ಪು ಒಪ್ಪಿಕೊಂಡಿತು.

ಮನುಷ್ಯ ದೇವರಲ್ಲ, ಸರಿ. ಆದರೆ ಈ ವಾದದಲ್ಲಿ ಎರಡು ತೂತುಗಳಿವೆ. ಒಂದು: ಮನುಷ್ಯನ ತಪ್ಪು ಒಂದು ಕಡೆ ಆಗುತ್ತದೆ, ಯಂತ್ರದ ತಪ್ಪು ನಕಲಾಗುತ್ತದೆ. ಒಬ್ಬ ಸೈನಿಕ ಎಡವಿದರೆ ಪಕ್ಕದವನು ಎಡವಬೇಕೆಂದಿಲ್ಲ. ಒಂದೇ ಸಾಫ್ಟ್‌ವೇರ್ ಸಾವಿರ ಡ್ರೋನಿನಲ್ಲಿದ್ದರೆ ಸಾವಿರವೂ ಒಂದೇ ಕಡೆ, ಒಂದೇ ರೀತಿ ಎಡವುತ್ತವೆ. ಎರಡು: ಸಿಟ್ಟಿಲ್ಲದ ಯಂತ್ರಕ್ಕೆ ಕರುಣೆಯೂ ಇಲ್ಲ. ಕಾನೂನಿನ ಪ್ರಕಾರ ಹೊಡೆಯಬಹುದಾಗಿದ್ದರೂ ಬಂದೂಕು ಕೆಳಗಿಳಿಸಿದ ಸೈನಿಕರು ಪ್ರತಿ ಯುದ್ಧದಲ್ಲೂ ಇದ್ದಾರೆ. ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಶೇ. 99ರಷ್ಟು ನಿಖರ ಅಂದರೆ ಒಳ್ಳೆಯದೇ ಅಲ್ಲವೇ?

ಪೆನ್ನು ತಗೊಳ್ಳಿ. ಒಂದು ಪಟ್ಟಣದಲ್ಲಿ ಒಂದು ಲಕ್ಷ ಜನ ಇದ್ದಾರೆ ಅಂದುಕೊಳ್ಳಿ. ಅದರಲ್ಲಿ 100 ಜನ ಹೋರಾಟಗಾರರು, ಉಳಿದ 99,900 ಜನ ನಾಗರಿಕರು. ಶೇ. 99ರಷ್ಟು ಸರಿ ಹೇಳುವ ಯಂತ್ರ 100ರಲ್ಲಿ 99 ಹೋರಾಟಗಾರರನ್ನು ಹಿಡಿಯುತ್ತದೆ. ಅದೇ ಹೊತ್ತಿಗೆ ನಾಗರಿಕರಲ್ಲಿ ನೂರಕ್ಕೆ ಒಬ್ಬರನ್ನು, ಅಂದರೆ 999 ಜನರನ್ನು, ತಪ್ಪಾಗಿ ಹಿಡಿಯುತ್ತದೆ. ಪಟ್ಟಿಗೆ ಬಂದ 1,098 ಹೆಸರಿನಲ್ಲಿ ಹತ್ತಕ್ಕೆ ಒಂಬತ್ತು ನಿರಪರಾಧಿಗಳದು. ಯಂತ್ರ ಮಾರುವವರ ಜಾಹೀರಾತಿನಲ್ಲಿ ಈ ಲೆಕ್ಕ ಇರುವುದಿಲ್ಲ.

ಇನ್ನು ಆ ಶೇ. 99 ಎಲ್ಲಿ ಸಿಕ್ಕಿತು ಎಂಬುದನ್ನೂ ಕೇಳಬೇಕು. ಪ್ರಯೋಗಾಲಯದಲ್ಲೇ, ಧೂಳು ಹೊಗೆ ತುಂಬಿದ ಕಡೆಯೇ? 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ಲಾಸ್ಟಿಕ್ ಆಮೆಯ ಮೇಲ್ಮೈಯ ಬಣ್ಣವನ್ನು ಸ್ವಲ್ಪ ಬದಲಿಸಿ, ಚಿತ್ರ ಗುರುತಿಸುವ ಎಐ ಅದನ್ನು ಬಂದೂಕು ಎಂದು ಹೇಳುವಂತೆ ಮಾಡಿದರು. ಮನುಷ್ಯರಿಗೆ ಅದು ಆಮೆಯ ಹಾಗೇ ಕಾಣುತ್ತಿತ್ತು. 2018ರ ಇನ್ನೊಂದು ಅಧ್ಯಯನ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮಾರುಕಟ್ಟೆಯ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿತು. ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪು ಶೇ. 1ರ ಒಳಗಿತ್ತು. ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ಅತಿ ಹೆಚ್ಚೆಂದರೆ ಶೇ. 34.7ರವರೆಗೆ ಹೋಗಿತ್ತು. ಕಲಿಕೆಗೆ ಯಾರ ಫೋಟೋ ಜಾಸ್ತಿ ಕೊಟ್ಟಿದ್ದಾರೋ ಅವರ ಮುಖ ಅದಕ್ಕೆ ಚೆನ್ನಾಗಿ ಗೊತ್ತು. ಯುದ್ಧ ನಡೆಯುವ ಊರಿನವರ ಫೋಟೋ ಎಷ್ಟು ಕೊಟ್ಟಿರುತ್ತಾರೆ?

ಯುದ್ಧಕ್ಕೂ ಕಾನೂನು ಇದೆಯೇ?

ಇದೆ. 1949ರ ಜಿನೀವಾ ಒಪ್ಪಂದಗಳು ಮತ್ತು ಅವಕ್ಕೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್‌ಗಳು, ಅಂದರೆ ಪೂರಕ ಒಪ್ಪಂದಗಳು, ಅದರ ಬುಡ. ಮುಖ್ಯವಾಗಿ ಮೂರು ಮಾತು. ಸೈನಿಕರನ್ನೂ ನಾಗರಿಕರನ್ನೂ ಬೇರೆ ಮಾಡಿ ನೋಡಬೇಕು. ಸಿಗುವ ಸೇನಾ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗುವ ಹಾನಿ ಮಿತಿಮೀರಬಾರದು. ದಾಳಿಗೆ ಮುಂಚೆ ಸಾಧ್ಯವಿರುವ ಎಚ್ಚರಿಕೆಯನ್ನೆಲ್ಲ ವಹಿಸಬೇಕು.

ಮೂರನೆಯದಕ್ಕೆ ಎಐ ನಿಜಕ್ಕೂ ನೆರವಾಗಬಲ್ಲದು. ಪಕ್ಕದಲ್ಲಿ ಆಸ್ಪತ್ರೆ ಇದೆ, ಈ ಹೊತ್ತಿನಲ್ಲಿ ಬೀದಿಯಲ್ಲಿ ಜನ ಜಾಸ್ತಿ ಎಂದು ಎಚ್ಚರಿಸಬಲ್ಲದು. ಮೊದಲನೆಯದು ಕಷ್ಟ. ಸಮವಸ್ತ್ರ ಇಲ್ಲದ ಹೋರಾಟಗಾರ, ಗಾಯಗೊಂಡು ಬಿದ್ದವನು, ಕೈ ಎತ್ತಿದವನು, ಇವರನ್ನೆಲ್ಲ ಸಂದರ್ಭ ನೋಡಿ ತಿಳಿಯಬೇಕು. ಎರಡನೆಯದು ಲೆಕ್ಕವೇ ಅಲ್ಲ. ಒಂದು ಸೇತುವೆಗೆ ಎಷ್ಟು ಜೀವ ಸಮ ಎಂಬುದಕ್ಕೆ ಸೂತ್ರ ಇಲ್ಲ, ಇರಲೂಬಾರದು.

ಅದೇ 1977ರ ಮೊದಲ ಪ್ರೋಟೋಕಾಲಿನ 36ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ. ಹೊಸ ಆಯುಧ ತರುವ ದೇಶ ಅದು ಕಾನೂನಿಗೆ ಹೊಂದುತ್ತದೆಯೇ ಎಂದು ಮೊದಲೇ ಪರಿಶೀಲಿಸಬೇಕು. ಬಂದೂಕಿನ ವಿಷಯದಲ್ಲಿ ಇದು ಸಲೀಸು. ಸಾಫ್ಟ್‌ವೇರ್ ಮಾತ್ರ ಇವತ್ತು ಒಂದು, ಅಪ್‌ಡೇಟ್ ಆದ ಮೇಲೆ ನಾಳೆ ಇನ್ನೊಂದು. ಪ್ರತಿ ಸಲ ಯಾರು ಪರಿಶೀಲಿಸುತ್ತಾರೆ?

ತಪ್ಪಾದರೆ ಯಾರು ಹೊಣೆ?

ಆದೇಶ ಕೊಟ್ಟ ಕಮಾಂಡರ್ "ಯಂತ್ರ ಹೇಳಿತು" ಅನ್ನುತ್ತಾನೆ. ಯಂತ್ರ ಮಾಡಿದ ಕಂಪನಿ "ಬಳಸಿದ ರೀತಿ ಸರಿ ಇಲ್ಲ" ಅನ್ನುತ್ತದೆ. ಪ್ರೋಗ್ರಾಮರ್ "ಅದು ತಾನೇ ಕಲಿತದ್ದು" ಅನ್ನುತ್ತಾನೆ. ಯಂತ್ರವನ್ನು ಜೈಲಿಗೆ ಹಾಕಲು ಬರುವುದಿಲ್ಲ. ಹೊಣೆಯ ಚೆಂಡು ಒಬ್ಬರಿಂದ ಒಬ್ಬರಿಗೆ ಹಾರುತ್ತಾ ಕೊನೆಗೆ ಯಾರ ಕೈಗೂ ಸಿಗುವುದಿಲ್ಲ.

ನನ್ನ ಲೆಕ್ಕದಲ್ಲಿ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಏನು ಮಾಡುತ್ತದೆ ಎಂದು ಊಹಿಸಲಾಗದ ಯಂತ್ರವನ್ನು ಯುದ್ಧಕ್ಕೆ ಇಳಿಸಿದವನೇ ಹೊಣೆ. ಯಂತ್ರವನ್ನು ಎಲ್ಲಿ, ಎಷ್ಟು ಹೊತ್ತು, ಯಾವ ಗುರಿಗೆ ಬಿಡುತ್ತಿದ್ದೇನೆ ಎಂದು ಕಮಾಂಡರಿಗೆ ಗೊತ್ತಿರಬೇಕು. ಯಂತ್ರ ಏನು ಕಂಡಿತು, ಏನು ಸೂಚಿಸಿತು, ಯಾರು ಒಪ್ಪಿದರು ಎಂಬುದೆಲ್ಲ ದಾಖಲಾಗಬೇಕು. ವಿಮಾನ ಬಿದ್ದರೆ ಬ್ಲ್ಯಾಕ್ ಬಾಕ್ಸ್ ಹುಡುಕುತ್ತೇವಲ್ಲ, ಹಾಗೆ.

ಎಐ ಡ್ರೋನ್ ತನ್ನ ಆಪರೇಟರನ್ನೇ ಕೊಂದಿತಂತೆ. ನಿಜವೇ?

ಇಲ್ಲ. 2023ರಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿಯೊಬ್ಬರು ಭಾಷಣದಲ್ಲಿ ಹೀಗೆ ಹೇಳಿದರು, ಸುದ್ದಿ ಲೋಕವೆಲ್ಲ ಸುತ್ತಿತು. ಅಂಥ ಪರೀಕ್ಷೆಯೇ ನಡೆದಿಲ್ಲ, ಅದು ಬರೀ ಊಹೆಯ ಸನ್ನಿವೇಶ, ನಾನು ಹೇಳಿದ್ದೇ ತಪ್ಪಾಯಿತು ಎಂದು ಆಮೇಲೆ ಅವರೇ ಸ್ಪಷ್ಟಪಡಿಸಿದರು. ಆ ಸ್ಪಷ್ಟನೆ ಅಷ್ಟು ದೂರ ಹೋಗಲಿಲ್ಲ.

ಅಣ್ವಸ್ತ್ರದ ಗುಂಡಿಯನ್ನೂ ಎಐಗೆ ಕೊಡುತ್ತಾರೆಯೇ?

ಇದೊಂದು ವಿಷಯದಲ್ಲಿ ದೊಡ್ಡವರು ಸ್ವಲ್ಪ ಒಪ್ಪಿದ್ದಾರೆ. ನವೆಂಬರ್ 2024ರಲ್ಲಿ ಪೆರುವಿನಲ್ಲಿ ಭೇಟಿಯಾದ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್, ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯನ ಹಿಡಿತದಲ್ಲೇ ಇರಬೇಕು ಎಂದರು. ಅದು ಹೇಳಿಕೆ, ಒಪ್ಪಂದವಲ್ಲ. ಆದರೂ ಇಲ್ಲದಿರುವುದಕ್ಕಿಂತ ವಾಸಿ.

ಜಗತ್ತಿನಲ್ಲಿ ಇದಕ್ಕೆ ಬೇರೆ ನಿಯಮ ಇಲ್ಲವೇ?

ಸಭೆಗಳು ಬೇಕಾದಷ್ಟಾಗಿವೆ. ಜಿನೀವಾದಲ್ಲಿ 2014ರಿಂದ ದೇಶಗಳು ಈ ಬಗ್ಗೆ ಮಾತಾಡುತ್ತಿವೆ. 2019ರಲ್ಲಿ 11 ಮಾರ್ಗದರ್ಶಿ ಸೂತ್ರಗಳನ್ನು ಒಪ್ಪಿದವು. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಹಾಗಾಗಿ ಒಬ್ಬರು ಅಡ್ಡಗಾಲು ಹಾಕಿದರೂ ಬಂಡಿ ನಿಲ್ಲುತ್ತದೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಡಿಸೆಂಬರ್ 2023ರಲ್ಲಿ ಸ್ವಯಂಚಾಲಿತ ಆಯುಧಗಳ ಬಗ್ಗೆ ಮೊದಲ ಸಲ ನಿರ್ಣಯ ಮಾಡಿತು. ಪರವಾಗಿ 152 ದೇಶ, ವಿರುದ್ಧ 4: ಬೆಲಾರಸ್, ಭಾರತ, ಮಾಲಿ, ರಷ್ಯಾ. ಮರುವರ್ಷ ಪರವಾಗಿ 166 ಮತ ಬಿತ್ತು. ಇಂಥ ನಿರ್ಣಯ ಯಾರನ್ನೂ ಕಟ್ಟಿಹಾಕುವುದಿಲ್ಲ. 2026ರೊಳಗೆ ಕಟ್ಟಿಹಾಕುವ ಒಪ್ಪಂದ ಬೇಕು ಎಂದು ವಿಶ್ವಸಂಸ್ಥೆಯ ಮುಖ್ಯಸ್ಥ ಗುಟೆರೆಸ್ ಮತ್ತು ರೆಡ್ ಕ್ರಾಸ್ ಅಧ್ಯಕ್ಷೆ ಒಟ್ಟಿಗೆ ಕರೆ ಕೊಟ್ಟಿದ್ದು 2023ರಲ್ಲಿ.

ಅಮೆರಿಕ 2012ರಲ್ಲೇ ತನ್ನ ಸೇನೆಗೆ ಒಂದು ನಿರ್ದೇಶನ ಹೊರಡಿಸಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಅದು ಸ್ವಯಂಚಾಲಿತ ಆಯುಧವನ್ನು ನಿಷೇಧಿಸಿದೆ ಎಂದು ಹಲವರು ತಿಳಿದಿದ್ದಾರೆ. ನಿಷೇಧಿಸಿಲ್ಲ. ಬಲಪ್ರಯೋಗದ ಮೇಲೆ "ಸೂಕ್ತ ಮಟ್ಟದ" ಮಾನವ ವಿವೇಚನೆ ಇರಬೇಕು ಅನ್ನುತ್ತದೆ. ಸೂಕ್ತ ಅಂದರೆ ಎಷ್ಟು ಎಂಬುದು ಸಂದರ್ಭಕ್ಕೆ ಬಿಟ್ಟದ್ದು. ಯುರೋಪಿನ 2024ರ ಎಐ ಕಾಯ್ದೆ ಬಹಳ ಬಿಗಿ ಎಂದು ಹೆಸರಾಗಿದೆ. ಅದರಲ್ಲಿ ಸೇನೆಗೆ ಪೂರ್ತಿ ವಿನಾಯಿತಿ. ಕೆಲಸಕ್ಕೆ ಅರ್ಜಿ ಸೋಸುವ ಸಾಫ್ಟ್‌ವೇರ್‌ಗೆ ಕಟ್ಟುನಿಟ್ಟಿನ ನಿಯಮ ಇದೆ, ಗುರಿ ಸೋಸುವ ಸಾಫ್ಟ್‌ವೇರ್‌ಗೆ ಅಲ್ಲಿ ಇಲ್ಲ. ವಿಚಿತ್ರ, ಅಲ್ವಾ?

ಇದ್ದುದರಲ್ಲಿ ಸ್ಪಷ್ಟವಾಗಿ ಮಾತಾಡಿದ್ದು ರೆಡ್ ಕ್ರಾಸ್. ಪರಿಣಾಮ ಊಹಿಸಲಾಗದ ಆಯುಧ ಬೇಡ, ಮನುಷ್ಯರನ್ನೇ ಗುರಿ ಮಾಡುವ ಸ್ವಯಂಚಾಲಿತ ಆಯುಧ ಬೇಡ, ಉಳಿದವಕ್ಕೆ ಜಾಗ, ಕಾಲ, ಗುರಿಯ ಮಿತಿ ಇರಲಿ ಎಂದು 2021ರಲ್ಲಿ ಹೇಳಿತು. ನನಗೆ ಸರಿ ಕಂಡದ್ದೂ ಇದೇ.

ನಾವು ಬಿಟ್ಟರೆ ಶತ್ರು ಬಿಡುತ್ತಾನೆಯೇ?

ಬಿಡದಿರಬಹುದು. ಉಕ್ರೇನ್ ಯುದ್ಧದಲ್ಲಿ ಇದು ಕಣ್ಣೆದುರೇ ನಡೆದಿದೆ. ಶತ್ರು ಡ್ರೋನಿನ ರೇಡಿಯೋ ಸಂಪರ್ಕ ಕತ್ತರಿಸಿದರೆ ಡ್ರೋನ್ ಕುರುಡಾಗುತ್ತದೆ. ಹಾಗಾಗಿ ಕೊನೆಯ ಕೆಲವು ನೂರು ಮೀಟರ್ ತಾನೇ ಗುರಿ ಹಿಡಿದು ಹೋಗುವ ಡ್ರೋನುಗಳು ಬಂದವು. ಅಲ್ಲಿ ಯಾರೂ ನೀತಿ ಬಿಡಬೇಕೆಂದು ಕೂತು ತೀರ್ಮಾನಿಸಲಿಲ್ಲ. ಒಂದೊಂದೇ ಅಗತ್ಯ ಒಂದೊಂದೇ ಹೆಜ್ಜೆ ಮುಂದೆ ತಳ್ಳಿತು.

ಆದರೂ "ಯಾರೂ ಬಿಡಲ್ಲ" ಅನ್ನುವುದಕ್ಕೆ ಇತಿಹಾಸ ಪೂರ್ತಿ ಒಪ್ಪುವುದಿಲ್ಲ. ಕಣ್ಣು ಕುರುಡು ಮಾಡುವ ಲೇಸರ್ ಆಯುಧವನ್ನು 1995ರಲ್ಲಿ ನಿಷೇಧಿಸಿದರು, ಅದು ಯುದ್ಧಭೂಮಿಯಲ್ಲಿ ವ್ಯಾಪಕವಾಗುವ ಮುಂಚೆಯೇ. ಇನ್ನೊಂದು, ಸೇನೆಗಳಿಗೂ ತಮ್ಮ ಮಾತು ಕೇಳದ ಆಯುಧ ಬೇಕಿಲ್ಲ. ಪೇಟ್ರಿಯಟ್ ಹೊಡೆದದ್ದು ತನ್ನವರನ್ನೇ.

ಕಂಪನಿಗಳ ಪಾತ್ರ ಏನು?

ದೊಡ್ಡದು, ಮತ್ತು ಬದಲಾಗುತ್ತಿರುವುದು. ಡ್ರೋನ್ ವಿಡಿಯೋಗಳನ್ನು ಎಐಯಿಂದ ವಿಶ್ಲೇಷಿಸುವ ಅಮೆರಿಕ ಸೇನೆಯ ಮೇವನ್ ಯೋಜನೆಗೆ ಗೂಗಲ್ ಕೆಲಸ ಮಾಡುತ್ತಿತ್ತು. 2018ರಲ್ಲಿ ಅದರ ಸಾವಿರಾರು ನೌಕರರು ವಿರೋಧಿಸಿ ಸಹಿ ಹಾಕಿದರು. ಕಂಪನಿ ಗುತ್ತಿಗೆ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಮಾಡುವುದಿಲ್ಲ ಎಂದು ಬರೆದುಕೊಂಡಿತು. ಫೆಬ್ರವರಿ 2025ರಲ್ಲಿ ಆ ಸಾಲನ್ನು ತೆಗೆದುಹಾಕಿತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಕೂಡ ತನ್ನ ನಿಯಮದಲ್ಲಿದ್ದ "ಸೇನೆ ಮತ್ತು ಯುದ್ಧ"ದ ಮೇಲಿನ ನಿಷೇಧದ ಮಾತನ್ನು ಜನವರಿ 2024ರಲ್ಲಿ ಕೈಬಿಟ್ಟಿತು. ಕಂಪನಿ ತಾನೇ ಬರೆದುಕೊಂಡ ನಿಯಮವನ್ನು ಅಳಿಸಲು ಯಾರ ಮತವೂ ಬೇಕಿಲ್ಲ.

ಸುದ್ದಿಯಲ್ಲಿ "ಎಐ ಆಯುಧ" ಎಂದು ಬಂದರೆ ಏನು ನೋಡಬೇಕು?

ಮೊದಲು, ಎಐ ಅಲ್ಲಿ ಮಾಡುವ ಕೆಲಸ ಯಾವುದು ನೋಡಿ: ದಾರಿ ಹುಡುಕುವುದೋ, ಗುರಿ ಹುಡುಕುವುದೋ, ಹೊಡೆಯುವುದೋ. ಆಮೇಲೆ ಹೇಳುತ್ತಿರುವವರು ಯಾರು ನೋಡಿ. ಮಾರುವವರು ಯಾವಾಗಲೂ ಜಾಸ್ತಿ ಹೇಳುತ್ತಾರೆ, ಬಳಸಿದವರು ಯಾವಾಗಲೂ ಕಮ್ಮಿ ಹೇಳುತ್ತಾರೆ. 2020ರಲ್ಲಿ ಲಿಬಿಯಾದಲ್ಲಿ ಟರ್ಕಿಯ ಕಾರ್ಗು-2 ಡ್ರೋನುಗಳನ್ನು ಆಪರೇಟರ್ ಸಂಪರ್ಕವಿಲ್ಲದೆ ದಾಳಿ ಮಾಡುವಂತೆ ಸಜ್ಜುಗೊಳಿಸಲಾಗಿತ್ತು ಎಂದು ವಿಶ್ವಸಂಸ್ಥೆಯ ತಜ್ಞರ ವರದಿ 2021ರಲ್ಲಿ ಹೇಳಿತು. "ರೋಬಾಟ್ ಮೊದಲ ಸಲ ಮನುಷ್ಯನನ್ನು ಕೊಂದಿತು" ಎಂದು ತಲೆಬರಹಗಳು ಬಂದವು. ಅವು ಯಾರನ್ನಾದರೂ ಹಾಗೆ ಕೊಂದವು ಎಂದು ವರದಿಯಲ್ಲಿ ಎಲ್ಲೂ ನೇರವಾಗಿ ಬರೆದಿರಲಿಲ್ಲ.